ಸವಣೂರಿನಿಂದ ಬಿಟ್ಟ ಬಾಣ

ಕೀಲಿ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುವುದು ನಮ್ಮ ಮನೆತನದ ಚಟ. ಕೆಲವರ ಮನೆತನದಲ್ಲಿ ಬಕ್ಕತಲೆ ಬರುತ್ತದೆ, ಕೆಲವರಲ್ಲಿ ಸಕ್ಕರೆ ಕಾಯಿಲೆ. ನಮಗೆ ಇದು ಬಂದಿದೆ. ಅಪ್ಪ ಅಂಗಡಿಗೆ ಕೀಲಿ ಹಾಕಿ, ಜಗ್ಗಿ, ಹಾನಗಲ್ ಬಸ್‌ಸ್ಟ್ಯಾಂಡಿಗೆ ನಡೆದು, ಹಿರೇಕೆರೂರಿನ ಬಸ್ಸು ಹತ್ತಿ, ಟಿಕೀಟು ತೆಗೆದು, ಅಕ್ಕಿಆಲೂರು ಬರುವಷ್ಟರಲ್ಲಿ 'ಜಗ್ಗಿದೆನೋ ಇಲ್ಲೋ' ಎಂಬ ಹುಳ ತಲೆಗೆ ಹೊಕ್ಕು ಇಳಿದುಬಿಡುತ್ತಿದ್ದ. ಹಿರೇಕೆರೂರಿಗೆ ಹೋಗಬೇಕಾದ ಮನುಷ್ಯ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ ಹಾಜರು. ಅವ್ವ ಏನೂ ಕೇಳುತ್ತಿರಲಿಲ್ಲ. ಅಪ್ಪ ಊರಿಗೆ ಹೊರಟ ದಿನವೂ ಅವನ ಪಾಲಿನ ರೊಟ್ಟಿಯನ್ನು ಬಡಿದೇ ಇಟ್ಟಿರುತ್ತಿದ್ದಳು.

ಅಪ್ಪನದು ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಜೋಡಿಸಿ, ಲಗ್ನಪತ್ರಿಕೆ ಹೊರಡಿಸುತ್ತಿದ್ದ ಕಾಲ. ಮೊಳೆಯ ಮೇಲೆ ಅಕ್ಷರ ತಿರುವುಮುರುವು ಇರುತ್ತದಲ್ಲ, ನಾನು ಕನ್ನಡ ಕಲಿತದ್ದೇ ಹಾಗೆ. ಒಂದನೆಯ ಇಯತ್ತೆಯಲ್ಲಿ ಮಾಸ್ತರರು ನಿನ್ನ ಹೆಸರು ಬರೆ ಎಂದಾಗ ಬಲದಿಂದ ಎಡಕ್ಕೆ ಚೊಕ್ಕಟವಾಗಿ ಬರೆದು ಪಾಟಿ ಮುಂದಿಟ್ಟೆ. ಅವರು ಅಪ್ಪನನ್ನು ಕರೆಸಿ, "ನಾಳಿಂದ ಹುಡುಗನ ಕೈಯಾಗ ಒಂದು ಕನ್ನಡಿನೂ ಕೊಟ್ಟು ಕಳಸ್ರಿ, ನಾವೂ ಓದತೇವಿ" ಅಂದರಂತೆ. ಮೊಳೆ ತೊಳೆದ ಸೀಮೆಎಣ್ಣೆಯ ವಾಸನೆ ನನ್ನ ಹಬ್ಬದ ಅಂಗಿಯನ್ನೂ ಬಿಡುತ್ತಿರಲಿಲ್ಲ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಯಾರದೋ ಮದುವೆ ಇದ್ದಂತೆ ಅನಿಸಿ ಹಸಿವಾಗುತ್ತದೆ. ಅದಿರಲಿ, ನಾನು ಹೇಳಲು ಹೊರಟದ್ದು ಕೀಲಿಯ ವಿಷಯ.

ಈಗ ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಇದೆ. ಲಗ್ನಪತ್ರಿಕೆ, ಮನೆಶಾಂತಿ, ತೊಟ್ಟಿಲು, ಎಲ್ಲವೂ ಅದರ ಹೊಟ್ಟೆಯಿಂದಲೇ ಹೊರಬೀಳಬೇಕು. ಅದರ ಮುಂದೆ ಕೂರುವವಳು ನನ್ನ ಹೆಂಡತಿ ಸುನಂದಾ. ನಾನು ಯಜಮಾನ. ಅಂದರೆ ಮಾದರಿ ಕಾರ್ಡುಗಳ ದೊಡ್ಡ ಚೀಲ ಹೆಗಲಿಗೆ ಹಾಕಿಕೊಂಡು ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಬಸ್ಸಿನಲ್ಲಿ ತಿರುಗಿ ಗಿರಾಕಿ ಹಿಡಿಯುವವನು. ಊರೂರು ತಿರುಗುವ ಯಜಮಾನನಿಗೆ ಜಗ್ಗಿ ನೋಡಲು ಕೀಲಿ ಎಲ್ಲಿ ಸಿಗಬೇಕು? ಬಸ್ಸಿನಲ್ಲಿ ಕೂತಲ್ಲೇ ಹುಳ ಶುರುವಾಗುತ್ತಿತ್ತು. ಸುನಂದಾ 'ಚಿ.ಸೌ.' ಸರಿಯಾಗಿ ಹಾಕಿದಳೋ ಇಲ್ಲವೋ. ಗಣಪತಿಯ ಸೊಂಡಿಲು ಯಾವ ಕಡೆ ತಿರುಗಿಸಿದಳೋ.

ನನ್ನ ಈ ಒದ್ದಾಟ ನೋಡಲಾರದೆ ಕಂಪ್ಯೂಟರ್ ರಿಪೇರಿಯವನು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟ. "ನೀವು ಎಲ್ಲೆರ ಇರ್ರಿ, ಅಂಗಡಿ ಕಂಪ್ಯೂಟರ ನಿಮ್ಮ ಅಂಗೈಯಾಗ ಬರ್ತೈತಿ. ಅದು ಅಲ್ಲಿ ಚಾಲೂ ಇರಬೇಕು, ನಿಮಗ ಇಲ್ಲಿ ನೆಟ್ ಇರಬೇಕು, ಅಷ್ಟ" ಅಂದ. ಒಳಗೆ ಹೋಗಲು ಒಂದು ಗುಟ್ಟಿನ ಪದ ಬೇಕೆಂದಾಗ ನಾನು ಯೋಚಿಸುತ್ತ ಕೂತೆ. ಅಷ್ಟರಲ್ಲಿ ಸುನಂದಾ ಕೈ ಮುಂದೆ ಮಾಡಿ 'ಹುಲಗೂರು' ಎಂದು ಒತ್ತಿಯೇಬಿಟ್ಟಳು. ಅದು ಆಕೆಯ ತವರು. ಹೀಗಾಗಿ ಜಗಳಾಡಿಕೊಂಡು ಹೊರಟ ದಿನವೂ ನಾನು ಹೆಂಡತಿಯ ತವರೂರಿನ ಹೆಸರು ಬರೆದೇ ನನ್ನ ಅಂಗಡಿಯೊಳಗೆ ಕಾಲಿಡಬೇಕು.

ನಿಮಗೆ ಇದರ ಅನುಭವ ಇಲ್ಲದಿದ್ದರೆ ಹೇಳುತ್ತೇನೆ. ಮೊಬೈಲಿನಲ್ಲಿ ಅಂಗಡಿ ಕಾಣುವುದಿಲ್ಲ, ಸುನಂದಾ ಕಾಣುವುದಿಲ್ಲ, ಕಂಪ್ಯೂಟರಿನ ಪರದೆ ಮಾತ್ರ ಕಾಣುತ್ತದೆ. ಅದರಲ್ಲಿ ಓಡಾಡುವ ಆ ಸಣ್ಣ ಬಾಣ ಇದೆಯಲ್ಲ, ಅದನ್ನು ನೋಡಿಯೇ ಉಳಿದದ್ದನ್ನು ತಿಳಿದುಕೊಳ್ಳಬೇಕು. ಬಾಣ ಓಡಾಡುತ್ತಿದ್ದರೆ ಕೆಲಸ ನಡೆದಿದೆ. ನಿಂತಿದ್ದರೆ ಗಿರಾಕಿ ಬಂದಿದ್ದಾರೆ. ಒಂದೇ ಕಡೆ ಗರಗರ ಸುತ್ತುತ್ತಿದ್ದರೆ ಗಿರಾಕಿ ಮನಸ್ಸು ಬದಲಿಸುತ್ತಿದ್ದಾರೆ. ಪರದೆ ಕಪ್ಪಾದರೆ ಸುನಂದಾ ಚಹಾಕ್ಕೆ ಎದ್ದಿದ್ದಾಳೆ. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಈ ಶಾಸ್ತ್ರದಲ್ಲಿ ಪಂಡಿತನಾದೆ.

ಬರೀ ನೋಡುತ್ತ ಕೂತಿದ್ದರೆ ಒಳ್ಳೆಯದಿತ್ತು. ಆದರೆ ಆ ಬಾಣವನ್ನು ನಾನೂ ಆಡಿಸಬಹುದಿತ್ತು. ಮೊದಲ ಸಲ ಅದು ತಾನಾಗಿ ಓಡಿ ಒಂದು ಹೂವಿನ ಬಳ್ಳಿಯನ್ನು ಎಡದಿಂದ ಬಲಕ್ಕೆ ಎತ್ತಿಟ್ಟಾಗ ಅಂಗಡಿಯಲ್ಲಿದ್ದ ಅಜ್ಜಿಯೊಬ್ಬಳು, "ಯಾರವ್ವಾ ಅದರೊಳಗ?" ಎಂದು ಕೇಳಿದಳಂತೆ. "ನಮ್ಮ ಮನಿಯವರು. ಶಿಗ್ಗಾವ್ಯಾಗ ಕುಂತಾರ" ಎಂದಳಂತೆ ಸುನಂದಾ. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ಪರದೆಯ ಕಡೆ ಬಾಗಿ, "ಆರಾಮ ಅದೀರಿ?" ಅಂದಳಂತೆ. ಉತ್ತರ ಬಾರದ್ದಕ್ಕೆ, ಕಲಿತವರಿಗೆ ಮಾತು ಕಡಿಮೆ ಎಂದು ತಾನೇ ಸಮಾಧಾನ ಮಾಡಿಕೊಂಡಳಂತೆ.

ಅಜ್ಜಿಗಿದ್ದ ಸಮಾಧಾನ ಸುನಂದಾಗೆ ಇರಲಿಲ್ಲ. ಒಂದು ದಿನ ನಾನು ಶಿಗ್ಗಾವಿಯಿಂದ ಕೆಂಪನ್ನು ಹಸಿರು ಮಾಡುತ್ತಿದ್ದಾಗ, ಕಾರ್ಡಿನ ನಟ್ಟನಡುವೆ, ವಧೂವರರ ಹೆಸರಿರಬೇಕಾದ ಜಾಗದಲ್ಲಿ, ದಪ್ಪ ಅಕ್ಷರಗಳು ಒಂದೊಂದಾಗಿ ಮೂಡಿದವು: ಕೈ ತಗೀರಿ.

ನಾನು ಕೆಳಗೆ ಬರೆದೆ: ಯಾಕ?

ಅವಳು ಬರೆದಳು: ಗಿರಾಕಿಗೆ ಕೆಂಪ ಬೇಕಂತ. ನೀವು ಉಂಡ್ರಿ?

ಸುತ್ತಲೂ ಮಲ್ಲಿಗೆಯ ಅಂಚು, ಮೇಲೆ ಗಣಪತಿ, ನಡುವೆ 'ನೀವು ಉಂಡ್ರಿ?' ನಮ್ಮ ಮದುವೆಯಾಗಿ ಇಷ್ಟು ವರ್ಷವಾಯಿತು, ನಾವು ಒಬ್ಬರಿಗೊಬ್ಬರು ಒಂದು ಕಾಗದ ಬರೆದವರಲ್ಲ. ಬರೆಯುವ ಪ್ರಸಂಗವೇ ಬಂದಿರಲಿಲ್ಲ. ತವರಿಗೆ ಹೋದರೂ ಆಕೆ ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದಳು. ಈಗ ಊರಿನವರ ಲಗ್ನಪತ್ರಿಕೆಗಳ ಮೇಲೆ ನಮ್ಮ ಪತ್ರವ್ಯವಹಾರ ಶುರುವಾಯಿತು. ಫೋನಿನಲ್ಲಿ ಆಡಿದ ಮಾತು ಅಂಗಡಿಯವರ ಕಿವಿಗೂ ಬಸ್ಸಿನವರ ಕಿವಿಗೂ ಬೀಳುತ್ತಿತ್ತು. ಇದರಲ್ಲಿ ಆ ಭಯವಿಲ್ಲ. 'ಮೆಣಸಿನಕಾಯಿ ತರ್ರಿ', 'ಚಹಾದ ಜೋಡಿ ತಿನ್ನಾಕ ಸವಣೂರ ಖಾರ ಮರೀಬ್ಯಾಡ್ರಿ', 'ನಿಮ್ಮ ಕನ್ನಡಕ ಇಲ್ಲೇ ಐತಿ, ಹುಡುಕಬ್ಯಾಡ್ರಿ'. ನಮ್ಮಲ್ಲಿ ಒಂದೇ ಕಾನೂನು: ಓದಿದವರು ಅಳಿಸಬೇಕು. ಅಳಿಸಿದ್ದು ಕಂಡರೆ ಓದಿದ್ದಾರೆ ಎಂದು ತಿಳಿಯಬೇಕು.

ಕಾನೂನೇನೋ ಚೆನ್ನಾಗಿತ್ತು. ಅದರಲ್ಲಿ ಗಂಡ-ಹೆಂಡಿರ ಸಿಟ್ಟನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಿರೇಕೆರೂರಿನ ಚನ್ನಬಸಪ್ಪನವರು ಮಗಳು ಸವಿತಾಳ ಲಗ್ನಪತ್ರಿಕೆ ಮಾಡಿಸಲು ಬಂದದ್ದು ಅಂಥ ಒಂದು ದಿನ. ಅವರಿಗೊಬ್ಬ ಅಣ್ಣ, ಗುರುಸಿದ್ದಪ್ಪ. ಅಣ್ಣತಮ್ಮಂದಿರ ಮನೆ ಒಂದೇ ಓಣಿಯಲ್ಲಿ. ಆದರೆ ಚನ್ನಬಸಪ್ಪನವರ ಮನೆಶಾಂತಿಯ ಪತ್ರಿಕೆಯಲ್ಲಿ ಗುರುಸಿದ್ದಪ್ಪನವರ ಹೆಸರು ತಮ್ಮನ ಮಾವನ ಹೆಸರಿನ ಕೆಳಗೆ ಬಿದ್ದಿತ್ತು. ಆ ಪತ್ರಿಕೆ ನಮ್ಮಲ್ಲಿ ಆದದ್ದಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅಂದಿನಿಂದ ಅಣ್ಣ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ಸವಿತಾ ಬೆಳೆದದ್ದೆಲ್ಲ ಈ ದೊಡ್ಡಪ್ಪನ ಮಡಿಲಲ್ಲಿ, ಅವರಿಗೆ ಮಕ್ಕಳಿಲ್ಲ. "ದೊಡ್ಡಪ್ಪ ಬರಲಿಲ್ಲಂದ್ರ ನಾ ಹಂದರಕ್ಕ ಕಾಲ ಇಡೂದಿಲ್ಲ" ಎಂದು ಹುಡುಗಿ ಹಟ ಹಿಡಿದಿದ್ದಳು. ಗಂಡಿನ ಕಡೆಯವರಿಗೆ ಇದು ಗೊತ್ತಾದರೆ ಏನು ಗತಿ ಎಂದು ಚನ್ನಬಸಪ್ಪನವರಿಗೆ ನಿದ್ದೆ ಹತ್ತಿರಲಿಲ್ಲ. ಎಲ್ಲ ಭಾರವೂ ಬಂದು ಬಿದ್ದದ್ದು ಈ ಪತ್ರಿಕೆಯ ಮೇಲೆ.

"ಅಣ್ಣನ ಹೆಸರು ಎಲ್ಲಾರಕಿಂತ ಮ್ಯಾಲ ಇರಬೇಕವ್ವಾ. ಕನ್ನಡಕ ಇಲ್ದನೂ ಕಾಣಬೇಕು" ಎಂದರು ಸುನಂದಾಗೆ.

ನಾನು ಆಗ ಸವಣೂರಿನಲ್ಲಿ, ಖಾದರಸಾಬರ ಬಟ್ಟೆ ಅಂಗಡಿಯ ಗಾದಿಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಮದುವೆಯ ಸೀರೆ ಕೊಳ್ಳಲು ಬಂದವರಿಗೆ ನನ್ನ ಕಾರ್ಡಿನ ಚೀಲವನ್ನೂ ತೋರಿಸುವುದು ಅವರ ದೊಡ್ಡ ಮನಸ್ಸು. ಮೊಬೈಲು ತೆರೆದು ನೋಡುತ್ತೇನೆ, 'ಆಗಮನ ಬಯಸುವವರು' ಎಂಬುದರ ಕೆಳಗೆ ಗುರುಸಿದ್ದಪ್ಪನವರ ಹೆಸರು ವಧೂವರರ ಹೆಸರಿಗಿಂತ ದಪ್ಪಗೆ ಕೂತಿದೆ. ನೋಡಿದವರು ಇವರದೇ ಮದುವೆ ಅಂದುಕೊಳ್ಳಬೇಕು. ಸಣ್ಣದು ಮಾಡಿದೆ. ಅದು ಮತ್ತೆ ದೊಡ್ಡದಾಯಿತು. ಮತ್ತೆ ಸಣ್ಣದು ಮಾಡಿದೆ. ಇನ್ನಷ್ಟು ದೊಡ್ಡದಾಯಿತು. ಅಲ್ಲಿ ಚನ್ನಬಸಪ್ಪನವರು ತಮ್ಮ ಅಣ್ಣನ ಹೆಸರು ಉಬ್ಬುವುದನ್ನೂ ಕುಗ್ಗುವುದನ್ನೂ ನೋಡಿ, "ಏನ ತಂಗಿ, ನಮ್ಮಣ್ಣ ಇದರಾಗೂ ಸಿಟ್ಟಿಗೆ ಬಂದಾನೇನು?" ಎಂದು ಹೆದರಿದರಂತೆ.

"ಏನ ಗುದ್ದಾಡಾಕತ್ತೀರಿ ಮೊಬೈಲ ಸಂಗಾಟ?" ಎಂದರು ಖಾದರಸಾಬರು.

"ಅಂಗಡಿ ನಡಸಾಕತ್ತೇನಿ."

"ಅಲ್ಲಿ ಭಾಭಿ ಇಲ್ಲೇನು?"

"ಅದಾಳ."

"ಮತ್ತ ನೀವು ನಡಸಾಕತ್ತಿದ್ದು ಏನದು?"

ಈ ಪ್ರಶ್ನೆಗೆ ನಾನು ಚಹಾ ಕುಡಿದೆ. ಅಷ್ಟರಲ್ಲಿ ಪರದೆಯ ಮೇಲೆ ಮೂಡಿತು: ಸುಮ್ಮ ಕುಂದರ್ರಿ. ನಿಮಗ ತಿಳಿಯೂದಿಲ್ಲ.

ಖಾದರಸಾಬರು ನನ್ನ ಹೆಗಲ ಮೇಲಿಂದ ಅದನ್ನು ಓದಿದರು ಎಂಬುದೇ ನನಗೆ ಹೆಚ್ಚು ಚುಚ್ಚಿದ್ದು. ಅವರು ಓದದವರಂತೆ ಸೀರೆಯ ಗಂಟು ಬಿಚ್ಚಲು ಎದ್ದು ಹೋದರು. ಅದು ಇನ್ನೂ ಚುಚ್ಚಿತು. ನಾನು ಬರೆದೆ: ಹಂಗಾರ ಅಂಗಡಿ ನೀನ ನಡಸು. ನಾ ಮನಿಗೆ ಬರೂದಿಲ್ಲ. ಬರೆದು, ಆ್ಯಪ್ ಮುಚ್ಚಿ, ಮೊಬೈಲನ್ನೇ ಆಫ್ ಮಾಡಿ, ಚೀಲ ಹೆಗಲಿಗೇರಿಸಿ ಶಿಗ್ಗಾವಿಗೆ ಅಕ್ಕನ ಮನೆಗೆ ಹೋದೆ.

ಅಕ್ಕ ಬಾಗಿಲಲ್ಲೇ, "ಜಗಳಾ ಮಾಡಿ ಬಂದಿ ಹೌದಿಲ್ಲೋ?" ಅಂದಳು.

"ಮಾತಾಡಸ್ಕೊಂಡ ಹೋಗೂನು ಅಂತ ಬಂದೆ."

"ಮಾತಾಡಸಾಕ ಬರಾಂವ ಖಾರ ತರ್ತಿದ್ದಿ. ಬಾ ಒಳಗ."

ಅಕ್ಕನ ಮನೆಯ ಬದನೆಕಾಯಿ ಎಣ್ಣೆಗಾಯಿಗೆ ಹೆಸರಿದೆ. ಅಂದು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟೆ. ಉಪ್ಪು ಕಡಿಮೆಯಾಗಿದೆ ಎಂದು ನೆವ ಹೇಳಿ ಎದ್ದೆ. ಅಕ್ಕ ನಕ್ಕಳು.

ಹಾನಗಲ್ಲಿನಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ. ನನ್ನ ಸಾಲನ್ನು ಸುನಂದಾ ಓದಿ, ಕಾನೂನಿನಂತೆ ಅಳಿಸಿದಳು. ಚನ್ನಬಸಪ್ಪನವರು ಪತ್ರಿಕೆಯನ್ನು ತಲೆಯಿಂದ ಕಾಲಿನವರೆಗೆ ಓದಿಸಿಕೊಂಡು, ಒಪ್ಪಿಕೊಂಡು, ಬಸ್ಸಿಗೆ ಹೋದರು. ಆಕೆ ನನಗೆ ಫೋನು ಮಾಡಿದಳು, ಅದು ಆಫ್ ಆಗಿತ್ತು. ಕೊನೆಗೆ ಗುರುಸಿದ್ದಪ್ಪನವರ ಹೆಸರಿನ ಕೆಳಗಿದ್ದ ಖಾಲಿ ಜಾಗದಲ್ಲಿ ಒಂದು ಸಾಲು ಬರೆದಳು. ಎಲ್ಲಿದ್ದರೂ ನಾನು ಒಮ್ಮೆ ಜಗ್ಗಿ ನೋಡದೇ ಇರಲಾರೆ ಎಂಬ ನಂಬಿಕೆ ಆಕೆಗೆ. ಇವರು ನೋಡುತ್ತಾರೆ, ಓದುತ್ತಾರೆ, ಅಳಿಸುತ್ತಾರೆ ಎಂದುಕೊಂಡು ಮನೆಗೆ ಅಡುಗೆಗೆ ಹೋದಳು. ಸಂಜೆ ಛಾಪಿಸುವ ಮೌಲಾಲಿ ಬಂದ. ಅವನು ಬಣ್ಣ ನೋಡುವ ಮನುಷ್ಯ, ಅಕ್ಷರ ನೋಡುವವನಲ್ಲ. ತೆರೆದಿದ್ದನ್ನು ತೆರೆದಂತೆಯೇ ಹೊಡೆದು, ಕಂಪ್ಯೂಟರ್ ಆರಿಸಿ, ಕಟ್ಟು ಕಟ್ಟಿ, ಬೆಳಗಿನ ಹಿರೇಕೆರೂರು ಬಸ್ಸಿಗೆ ಹಾಕಿಬಿಟ್ಟ.

ಮರುದಿನ ನಾನು ಬಂದೆ. ಸುನಂದಾ ಮಾತಾಡಲಿಲ್ಲ, ನಾನು ಓದಿಯೂ ರಾತ್ರಿ ಬರಲಿಲ್ಲವೆಂದು ಆಕೆಯ ಲೆಕ್ಕ. ನಾನೂ ಮಾತಾಡಲಿಲ್ಲ, ಆಕೆಯ ಸಿಟ್ಟು ಇನ್ನೂ ಇಳಿದಿಲ್ಲವೆಂದು ನನ್ನ ಲೆಕ್ಕ. ಹೀಗೆ ನಾಲ್ಕಾರು ದಿನ ಇಬ್ಬರೂ ತಾಟು ಲೋಟಗಳ ಮೂಲಕ ಸಂಸಾರ ಮಾಡಿದೆವು. ಆಮೇಲೆ ಒಂದು ಮಧ್ಯಾಹ್ನ, ಯಂತ್ರದ ಹಿಂದೆ ಬಿದ್ದಿದ್ದ ಒಂದು ಹೆಚ್ಚಿನ ಕಾರ್ಡು ನನ್ನ ಕೈಗೆ ಬಂತು. ಚಂದ ಬಂದಿತ್ತು. ಗುರುಸಿದ್ದಪ್ಪನವರ ಹೆಸರು ಕನ್ನಡಕವಿಲ್ಲದೆಯೂ ಕಾಣುತ್ತಿತ್ತು. ಅದರ ಕೆಳಗೆ, ಅದೇ ಕುಂಕುಮದ ಬಣ್ಣದಲ್ಲಿ, ಅದೇ ಬಳುಕುವ ಅಕ್ಷರಗಳಲ್ಲಿ:

'ಸಿಟ್ಟ ಬಿಡ್ರಿ, ಮನಿಗೆ ಬರ್ರಿ. ನೀವಿಲ್ದ ಊಟ ರುಚಿ ಹತ್ತವಲ್ದು.'

ನನಗೆ ಬಂದ ಪತ್ರವನ್ನು ಒಂದು ತಾಲೂಕಿನ ಜನ ನನಗಿಂತ ಮೊದಲು ಓದಿದ್ದರು.

"ಸುನಂದಾ, ಏನಿದು?" ಅಂದೆ. ನಾಲ್ಕಾರು ದಿನದಲ್ಲಿ ನಾನು ಆಡಿದ ಮೊದಲ ಮಾತು.

ಆಕೆ ಕಾರ್ಡು ನೋಡಿ, ನನ್ನನ್ನು ನೋಡಿ, ಸ್ಟೂಲಿನ ಮೇಲೆ ಕುಕ್ಕರಿಸಿದಳು. "ನೀವು ಅಳಸಲಿಲ್ಲೇನ್ರಿ?"

"ನಾ ಓದೇ ಇಲ್ಲಲ್ಲ."

ನನ್ನ ಕಣ್ಣ ಮುಂದೆ ಚನ್ನಬಸಪ್ಪನವರು ಬಂದರು. ಪದ್ಧತಿಯಂತೆ ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ಅಣ್ಣನಿಗೆ. ಆ ಅಣ್ಣ ಮೊದಲೇ ಬೆಂಕಿಯಂಥ ಮನುಷ್ಯ. ಊರೆದುರಿಗೆ 'ಸಿಟ್ಟ ಬಿಡ್ರಿ' ಎಂದು ಬರೆಸಿದರೆ ಬಿಡುತ್ತಾನೆಯೇ? ಆ ಹುಡುಗಿ ಹಂದರಕ್ಕೆ ಬರದೆ ಒಳಗೆ ಕೂತ ಹಾಗೆ, ಗಂಡಿನವರು ಎದ್ದು ಹೋದ ಹಾಗೆ ಕಂಡಿತು. ಕಾರ್ಡುಗಳನ್ನೆಲ್ಲ ಮನೆಮನೆಗೆ ಹೋಗಿ ವಾಪಸು ತರುತ್ತೇನೆಂದು ಚೀಲ ಹುಡುಕಲು ಶುರುಮಾಡಿದೆ. "ಮೊದಲ ಫೋನ ಮಾಡ್ರಿ" ಎಂದಳು ಸುನಂದಾ. ನನಗೆ ಧೈರ್ಯವಾಗಲಿಲ್ಲ. ಆಕೆಯೇ ಮಾಡಿ, ನನಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಎತ್ತಿದವರು ಚನ್ನಬಸಪ್ಪನವರೇ. "ತಂಗಿ, ಅಣ್ಣ ಬಂದಿದ್ದ. ಪತ್ರಿಕಿ ಕೈಯಾಗ ಹಿಡಕೊಂಡ ಸೀದಾ ಒಳಗ ಬಂದು, ಸವಿತಾ, ನೀಡು ಅಂದ. ಉಂಡ. ಒಂದ ಮಾತ ಆಡಲಿಲ್ಲ, ಉಂಡ ಹೋದ." ಆಮೇಲೆ ದನಿ ಇಳಿಸಿ, "ಅಲ್ಲವ್ವಾ, ಆ ಕೆಳಗಿನ ಸಾಲು ನಾನ ಹೇಳಿದ್ನೇನು?" ಎಂದು ಕೇಳಿದರು.

ಸುನಂದಾ ನನ್ನ ಮುಖ ನೋಡುತ್ತಲೇ, "ಹೇಳಿರಬೇಕ್ರಿ" ಅಂದಳು.

"ಹೇಳಿರಬೇಕು. ಮನಸಿನ್ಯಾಗಂತೂ ಇತ್ತು."

ಮದುವೆಗೆ ನಮಗೂ ಕರೆ ಬಂತು, ಹೋದೆವು. ಸವಿತಾ ದೊಡ್ಡಪ್ಪನ ಕೈಹಿಡಿದು ಹಂದರಕ್ಕೆ ಬಂದಳು. ಅವರ ರುಮಾಲಿನ ಠೀವಿ ನೋಡಿ ಬೀಗರು ಎದ್ದು ನಿಂತರು. ಜನವೋ ಜನ. ವರ್ಷಗಟ್ಟಲೆ ಮುಖ ತಿರುಗಿಸಿದ್ದ ನೆಂಟರೆಲ್ಲ ಬಂದಿದ್ದರು. ಗುರುಸಿದ್ದಪ್ಪನಂಥವನೇ ತನ್ನ ಹೆಸರಿನಡಿ 'ಸಿಟ್ಟ ಬಿಡ್ರಿ' ಅಂತಾನೆಂದರೆ ನಮ್ಮದೇನು ಎಂದು ಅವರ ವಾದ. ತಮಗೆ ಸಿಟ್ಟಿತ್ತೆಂದೇ ಗೊತ್ತಿರದ ಕೆಲವರು, ಎಂದು ಸಿಟ್ಟಾಗಿದ್ದೆವೆಂದು ಕಷ್ಟಪಟ್ಟು ನೆನಪು ಮಾಡಿಕೊಂಡು, ಅದನ್ನು ಬಿಟ್ಟು ಬಂದಿದ್ದರು. ಇಬ್ಬರು ನನ್ನನ್ನು ಬದಿಗೆ ಕರೆದು, "ನಮ್ಮ ಪತ್ರಿಕಿಗೂ ಆ ಸಿಟ್ಟಿನ ಸಾಲು ಹಾಕ್ರಿ" ಎಂದು ಗಿರಾಕಿಯೂ ಆದರು. ನಾನು ನನ್ನದೇ ಕೈಚಳಕವೆಂಬಂತೆ ತಲೆ ಆಡಿಸಿದೆ.

ಊಟಕ್ಕೆ ಕೂತಾಗ ಗುರುಸಿದ್ದಪ್ಪನವರು ಬಂದು ನನ್ನ ಪಕ್ಕದಲ್ಲೇ ಕೂತರು. ಹೋಳಿಗೆ ಮುರಿಯುತ್ತ, "ಪತ್ರಿಕಿ ಮಾಡಿದಾಂವ ನೀನ ಏನು ತಮ್ಮಾ?" ಎಂದರು.

"ಹೌದ್ರಿ."

"ಆ ಸಾಲು ನಮ್ಮ ಚನ್ನಬಸು ಬರಸಿದ್ದಲ್ಲ."

ಎತ್ತಿದ ತುತ್ತನ್ನು ತಾಟಿಗೆ ಇಳಿಸಿದೆ. "ಯಾಕ್ರಿ?"

"ಅಂವ ನನಗ ಎಂದರ 'ಬರ್ರಿ' ಅಂದಾನೇನು? 'ಬಾ' ಅಂತಾನ. ಸಿಟ್ಟ ಬಂದ್ರ ಅದನ್ನೂ ಅನ್ನಾಂಗಿಲ್ಲ." ಅವರು ತಾಟಿನ ಕಡೆ ನೋಡುತ್ತ ಮುಂದುವರಿಸಿದರು. "ನನ್ನ ಮನ್ಯಾಗ 'ಬರ್ರಿ' ಅನ್ನಾಕಿ ಒಬ್ಬಾಕೀನ ಇದ್ಲು. ನಾ ಸಿಟ್ಟ ಮಾಡಿ ಹೊಲದಾಗ ಹೋಗಿ ಕುಂತ್ರ ಹಿಂಗ ಹೇಳಿ ಕಳಸ್ತಿದ್ಲು. ಆಕಿ ತೀರಿಕೊಂಡ ಮ್ಯಾಲ ನನ್ನ ಯಾರೂ ಹಂಗ ಕರದಿಲ್ಲ. ಪತ್ರಿಕಿ ನೋಡ್ತೇನಿ, ನನ್ನ ಹೆಸರಿನ ಬುಡಕ ಆ ಮಾತು ಬಂದು ಕುಂತೈತಿ. ಯಾರ ಹೇಂತಿ ಯಾರಿಗೆ ಅಂದಾಳೋ ಏನೋ. ಕೇಳಿದ ಮ್ಯಾಲ ಕುಂದ್ರಾಕ ಆಗಲಿಲ್ಲ, ಎದ್ದು ಬಂದೆ."

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನ್ನ ಹೇಂತಿರಿ. ನನಗ ಅಂದದ್ದು."

"ನೀ ಹೋದಿ?"

"ಇಲ್ರಿ."

ಮರುದಿನ ಮನೆಗೆ ಹೋದದ್ದು ಆ ಸಾಲು ಓದಿ ಅಲ್ಲ. ಓದಿದ ಮೇಲೂ ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಊರವರ ಹೊಗಳಿಕೆ. ಈ ಗದ್ದಲದಲ್ಲಿ ಅದು ಯಾರಿಗೆ ಬರೆದದ್ದು ಎಂಬುದನ್ನೇ ನಾವು ದಾಟಿ ಬಂದುಬಿಟ್ಟಿದ್ದೆವು. ಗುರುಸಿದ್ದಪ್ಪನವರು ನನ್ನನ್ನು ನೋಡಿದ ನೋಟದಲ್ಲಿ ಅವರ ಹೆಸರುವಾಸಿ ಸಿಟ್ಟು ಅಷ್ಟೂ ತಿರುಗಿ ಬಂದಿತ್ತು.

"ನಿನಗ ಕರದ್ರ ನಾ ಎದ್ದು ಬಂದೇನಿ. ನೀ ಇನ್ನೂ ಇಲ್ಲೇ ಗಂಡಸರ ಪಂಕ್ತ್ಯಾಗ ಕುಂತಿ? ಏಳು."

ಅವರು ಎರಡನೆಯ ಸಲ ಹೇಳುವವರಲ್ಲ. ನಾನು ತಾಟು ಎತ್ತಿಕೊಂಡು, ಸಾರು ಚೆಲ್ಲದಂತೆ ಹಂದರದ ಆಚೆ ತುದಿಗೆ ನಡೆದೆ. ಬಡಿಸುವವರು ದಾರಿ ಬಿಟ್ಟರು, ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಸುನಂದಾ ತಲೆ ಎತ್ತಿ ನೋಡಿದಳು.

"ಇದು ಹೆಂಗಸರ ಪಂಕ್ತಿರಿ" ಅಂದಳು ಮೆಲ್ಲಗೆ.

"ಗೊತ್ತೈತಿ" ಅಂದೆ.

ಆಕೆ ಸೆರಗು ಒಟ್ಟು ಮಾಡಿಕೊಂಡು, ಪಕ್ಕಕ್ಕೆ ಸರಿದು ಕೂತಳು.